ಭೋಗ ಹೆಚ್ಚಿದರೆ ಭಕ್ತಿ, ಬಾಂಧವ್ಯ ಕಡಿಮೆಯಾಗುತ್ತವೆಯೇ? ಒಂದು ಹೇಳಿಕೆಯನ್ನು ಒಂಬತ್ತನೇ ತರಗತಿಯಲ್ಲಿ ಪರೀಕ್ಷಿಸಿದ ಪಾಠ

ಪೀಠಿಕೆ

"ಈಗಿನವರಿಗೆ ಮಜಾ ಮಾಡುವುದೇ ಮುಖ್ಯ. ಅದಕ್ಕೇ ದೇವರು ದಿಂಡರೂ ಬೇಡ, ನೆಂಟರಿಷ್ಟರೂ ಬೇಡ." ಈ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳೂ ಇದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮೌಲ್ಯ ಶಿಕ್ಷಣದ ಅವಧಿಗಳಲ್ಲಿ ಇದೇ ವಿಷಯಕ್ಕೆ ಒಂದು ನೀತಿಕಥೆ ಹೇಳಿ, "ಆದ್ದರಿಂದ ಮಕ್ಕಳೇ, ಸರಳವಾಗಿ ಬದುಕಿ" ಎಂದು ಮುಗಿಸುವ ರೂಢಿಯಿದೆ.

ಬೋಧನಾ ಅಭ್ಯಾಸಕ್ಕಾಗಿ ನನ್ನನ್ನು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಆದರೂ ಒಂಬತ್ತನೇ ತರಗತಿಯ ಎರಡು ಮೌಲ್ಯ ಶಿಕ್ಷಣ ಅವಧಿಗಳು ನನ್ನ ಪಾಲಿಗೆ ಬಂದವು. ವಿಷಯ, "ಭೋಗಜೀವನ ಮತ್ತು ಮೌಲ್ಯಗಳ ಕುಸಿತ". ವಿಜ್ಞಾನ ಓದಿದವಳಾದ್ದರಿಂದ ನನಗೆ ಮೊದಲು ತೋಚಿದ್ದು ಒಂದೇ. ಇದು ಕಾರಣ ಮತ್ತು ಪರಿಣಾಮದ ಬಗೆಗಿನ ಒಂದು ಹೇಳಿಕೆ. ಪ್ರಯೋಗಶಾಲೆಯಲ್ಲಿ ಇಂಥ ಹೇಳಿಕೆಯನ್ನು ನಾವು ಪರೀಕ್ಷಿಸದೆ ಒಪ್ಪುವುದಿಲ್ಲ. ಹಾಗಿರುವಾಗ ಮೌಲ್ಯ ಶಿಕ್ಷಣದಲ್ಲಿ ಏಕೆ ಒಪ್ಪಬೇಕು? ಆ ಎರಡು ಅವಧಿಗಳ ಯೋಜನೆ, ನಡೆದ ಚರ್ಚೆ ಮತ್ತು ಅದರಿಂದ ನಾನು ತಲುಪಿದ ನಿಲುವನ್ನು ಇಲ್ಲಿ ದಾಖಲಿಸಿದ್ದೇನೆ.

ಸಂವಿಧಾನದ ಚೌಕಟ್ಟು

ಧರ್ಮಕ್ಕೆ ಸಂಬಂಧಿಸಿದ ಪಾಠವಾದ್ದರಿಂದ ಯೋಜನೆಗೆ ಮೊದಲು ಎರಡು ವಿಧಿಗಳನ್ನು ಗಮನದಲ್ಲಿಟ್ಟುಕೊಂಡೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ನೀಡುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿಯಿಂದ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ತಿಳಿಯುವ ಗುಣವನ್ನೂ ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯವೆನ್ನುತ್ತದೆ. ಅಂದರೆ "ನಂಬಿ" ಎಂದು ಹೇಳುವುದು ನನ್ನ ಕೆಲಸವಲ್ಲ, "ನಂಬಬೇಡಿ" ಎಂದು ಹೇಳುವುದೂ ಅಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮ ಮತ್ತು ಸಮಾಜದ ಸಂಬಂಧ ಕುರಿತ ಒಂದು ಹೇಳಿಕೆಯನ್ನು ಪರಿಶೀಲಿಸುವುದು ಬೇರೆ. ಈ ಗೆರೆಯನ್ನು ನನ್ನ ಪಾಠ ಯೋಜನೆಯ ಮೊದಲ ಸಾಲಿನಲ್ಲೇ ಬರೆದುಕೊಂಡೆ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು
1. ಒಂದು ಸಾಮಾನ್ಯ ಹೇಳಿಕೆಯಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಗುರುತಿಸುವರು;
2. ಅಸ್ಪಷ್ಟ ಪದಗಳಿಗೆ ಎಣಿಸಬಹುದಾದ ಅಥವಾ ನೋಡಬಹುದಾದ ಅರ್ಥವನ್ನು ಕೊಡುವರು;
3. ಎರಡು ಸಂಗತಿಗಳು ಜೊತೆಯಾಗಿ ಬದಲಾಗುವುದಕ್ಕೂ ಒಂದು ಇನ್ನೊಂದನ್ನು ಉಂಟುಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವರು;
4. ತಮ್ಮ ಊರಿನ ಅನುಭವದಿಂದ ಹೇಳಿಕೆಯನ್ನು ಒಪ್ಪುವ ಅಥವಾ ತಿದ್ದುವ ಒಂದು ವಾಕ್ಯವನ್ನು ಬರೆಯುವರು.

ತೊಡಗಿಸಿಕೊಳ್ಳುವುದು: ಹೇಳಿಕೆಯನ್ನು ಬಿಡಿಸುವುದು

ಕಪ್ಪು ಹಲಗೆಯ ಮೇಲೆ ಹೇಳಿಕೆಯನ್ನು ಬರೆದು, ಅದರಲ್ಲಿ ಎಷ್ಟು ಸಂಗತಿಗಳಿವೆ ಎಂದು ಕೇಳಿದೆ. ಹೆಚ್ಚಿನವರು "ಒಂದು" ಎಂದರು. ಬಿಡಿಸಿದಾಗ ಮೂರು ಸಿಕ್ಕವು: ಭೋಗ, ಭಕ್ತಿ, ಬಾಂಧವ್ಯ. ಹೇಳಿಕೆಯು ಮೊದಲನೆಯದನ್ನು ಕಾರಣವೆಂದೂ ಉಳಿದೆರಡನ್ನು ಪರಿಣಾಮವೆಂದೂ ಹೇಳುತ್ತದೆ. ಜೊತೆಗೆ ಭಕ್ತಿ ಮತ್ತು ಬಾಂಧವ್ಯ ಎರಡೂ ಒಟ್ಟಿಗೇ ಇಳಿಯುತ್ತವೆ ಎಂದು ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತದೆ.

ಮುಂದಿನ ಹೆಜ್ಜೆ ಅಳತೆಯದು. ಭೋಗವನ್ನು ಹೇಗೆ ಗುರುತಿಸುತ್ತೀರಿ ಎಂದಾಗ ಮಕ್ಕಳು ಹೊಸ ಫೋನು, ಬೈಕು, ಹೋಟೆಲ್ ಊಟ, ಪ್ರವಾಸ ಎಂದರು. ಭಕ್ತಿಯನ್ನು ಹೇಗೆ ಗುರುತಿಸುತ್ತೀರಿ ಎಂದಾಗ ಗುಡಿಗೆ ಹೋಗುವುದು, ಹರಕೆ, ನಮಾಜು, ಉಪವಾಸ ಎಂದರು. ಆಗ ಒಂದು ಪ್ರಶ್ನೆ ಇಟ್ಟೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಿಮ್ಮ ಮನೆಯವರು ಬಸ್ಸಿನಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೋ ಧರ್ಮಸ್ಥಳಕ್ಕೋ ಹೋಗಿಬಂದಿದ್ದರೆ ಅದು ಭಕ್ತಿಯೋ ಪ್ರವಾಸವೋ? ತರಗತಿ ಎರಡು ಪಾಲಾಯಿತು. ಒಬ್ಬ ಹುಡುಗಿ, "ಎರಡೂ ಮಿಸ್. ನಮ್ಮಜ್ಜಿ ದೇವರನ್ನೂ ನೋಡ್ತು, ದಾರೀಲಿ ಕಡ್ಲೆಪುರಿ ತಿಂದು ನಗಾಡ್ಕೊಂಡೂ ಬಂತು" ಎಂದಳು. ಭೋಗ ಒಂದು ತಟ್ಟೆಯಲ್ಲಿ, ಭಕ್ತಿ ಇನ್ನೊಂದು ತಟ್ಟೆಯಲ್ಲಿ ಎಂಬ ತಕ್ಕಡಿಯ ಚಿತ್ರ ಅಲ್ಲಿಗೇ ಅಲುಗಾಡಿತು.

ಪರಿಶೋಧಿಸುವುದು: ಹಿರಿಯರಿಗೆ ಒಂದು ಪ್ರಶ್ನೆ

ಮೊದಲ ಅವಧಿಗೂ ಎರಡನೆಯದಕ್ಕೂ ನಡುವೆ ಮೂರು ದಿನಗಳಿದ್ದವು. ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನೋ ನೆರೆಯ ಹಿರಿಯರನ್ನೋ "ನಿಮ್ಮ ಕಾಲದಲ್ಲಿ ಮಜಾ ಎಂದರೆ ಏನು?" ಎಂದು ಕೇಳಿಕೊಂಡು ಬರಲು ಹೇಳಿದೆ. ಹಿಂದಿನವರು ಸುಖ ಬಯಸುತ್ತಿರಲಿಲ್ಲ ಎಂಬ ಊಹೆ ಹೇಳಿಕೆಯೊಳಗೆ ಅಡಗಿದೆ. ಅದನ್ನು ತೆರೆದು ನೋಡುವುದು ನನ್ನ ಉದ್ದೇಶವಾಗಿತ್ತು.

ಮಕ್ಕಳು ತಂದ ಉತ್ತರಗಳು: ಜಾತ್ರೆ, ತೇರು, ಕೊಂಡ, ಮಾರಿಹಬ್ಬದ ಬಾಡೂಟ, ಕೋಲಾಟ, ಸಂತೆ, ಟೆಂಟ್ ಸಿನಿಮಾ. ಎಲ್ಲಕ್ಕಿಂತ ಹೆಚ್ಚಾಗಿ ಬಂದದ್ದು ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕ. ನಮ್ಮ ಮಂಡ್ಯ ಸೀಮೆಯಲ್ಲಿ ಊರಿನವರೇ ಪಾತ್ರಕ್ಕೆ ಕೈಯಿಂದ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಾಟಕ ಆಡುವ ಪದ್ಧತಿ ಇಂದಿಗೂ ಇದೆ. ಇದು ಖರ್ಚಿನ ಬಾಬ್ತು, ಖುಷಿಯ ಬಾಬ್ತು, ದೇವರ ಕಥೆಯೂ ಹೌದು, ಊರು ಒಂದಾಗುವ ಸಂದರ್ಭವೂ ಹೌದು. ಇದನ್ನು ಭೋಗವೆನ್ನಬೇಕೇ, ಭಕ್ತಿಯೆನ್ನಬೇಕೇ, ಬಾಂಧವ್ಯವೆನ್ನಬೇಕೇ ಎಂದು ಕೇಳಿದಾಗ ಮಕ್ಕಳು ಮೂರೂ ಕಂಬದಲ್ಲಿ ಗುರುತು ಹಾಕಿದರು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ 1912ರ ತಮ್ಮ ಗ್ರಂಥದಲ್ಲಿ ಹೇಳಿದ್ದು ಇದಕ್ಕೆ ಬಹಳ ಹತ್ತಿರವಾಗಿದೆ. ಜನ ಒಂದೆಡೆ ಸೇರಿ ಹಾಡಿ ಕುಣಿದಾಗ ಹುಟ್ಟುವ ಉತ್ಸಾಹವೇ ಗುಂಪಿನ ಬಂಧವನ್ನೂ ಅದರ ಪವಿತ್ರ ಭಾವನೆಯನ್ನೂ ಗಟ್ಟಿ ಮಾಡುತ್ತದೆ ಎಂಬುದು ಅವರ ವಾದ. ಅದರಂತೆ ನೋಡಿದರೆ ಸಂತೋಷ ಭಕ್ತಿಯ ಶತ್ರುವಲ್ಲ, ಅದನ್ನು ಹೊತ್ತು ನಡೆಯುವ ಗಾಡಿ.

ಎರಡನೇ ಅವಧಿಯಲ್ಲಿ ಇನ್ನೆರಡು ಮಾತುಗಳು ಬಂದವು. ಅವು ನನ್ನ ಯೋಜನೆಯಲ್ಲಿ ಇರಲಿಲ್ಲ. ಪಾಠದ ತೂಕ ಇರುವುದು ಅವುಗಳಲ್ಲಿಯೇ.

ಒಂದು ಗುಂಪಿನ ಹುಡುಗ, "ಈಗ ನಮ್ಮ ಬೀದಿಯ ಭಜನೆಗೆ ಹೆಂಗಸರು ಬರುವುದು ನಿಂತಿದೆ, ಎಲ್ಲರೂ ಟಿವಿ ನೋಡುತ್ತಾರೆ" ಎಂದು ವರದಿ ಓದಿದ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ನಮ್ಮವ್ವ ಬೆಳಿಗ್ಗೆನೇ ಗಾರ್ಮೆಂಟ್ಸ್ ಬಸ್ಸಿಗೆ ಹೋಯ್ತದೆ ಮಿಸ್. ಕತ್ತಲಾದ ಮೇಲೆ ಬತ್ತದೆ. ಬಂದು ಅಡುಗೆ ಮಾಡ್ತದೆ. ಭಜನೆಗೆ ಯಾವಾಗ ಹೋಗದು? ಮಜಾ ಮಾಡಕ್ಕಲ್ಲ ಅದು ಹೋಗದೆ ಇರದು." ತರಗತಿ ಸುಮ್ಮನಾಯಿತು. ಅದೇ ಬಸ್ಸಿನಲ್ಲಿ ಹೋಗುವ ತಾಯಂದಿರ ಮಕ್ಕಳು ಅಲ್ಲಿ ಇನ್ನೂ ಹಲವರಿದ್ದರು.

ಇನ್ನೊಬ್ಬ ಹುಡುಗ, ಯಾರೂ ಕೇಳದೆ ತಾನಾಗಿಯೇ, "ಜಾತ್ರೇಲಿ ನಮ್ಮ ತಾತ ತಮಟೆ ಹೊಡೀತಿದ್ರು ಮಿಸ್. ಆದ್ರೆ ಗುಡಿ ಒಳಕ್ಕೆ ಹೋಗ್ತಿರ್ನಿಲ್ಲ" ಎಂದ. ಹಿಂದಿನ ಕಾಲದ ಬಾಂಧವ್ಯ ಎಂದು ನಾವು ಹೇಳುವಾಗ ಅದು ಯಾರ ನಡುವಿನ ಬಾಂಧವ್ಯ ಎಂಬ ಪ್ರಶ್ನೆಯನ್ನು ಆ ಹುಡುಗ ಒಂದೇ ವಾಕ್ಯದಲ್ಲಿ ಇಟ್ಟಿದ್ದ. ಅಸ್ಪೃಶ್ಯತೆಯನ್ನು ರದ್ದುಪಡಿಸುವ 17ನೇ ವಿಧಿಯನ್ನು ಆ ಗಳಿಗೆಯಲ್ಲಿ ಹಲಗೆಯ ಮೇಲೆ ಬರೆದು ಎಲ್ಲರಿಂದ ಓದಿಸಿದೆ. ಆ ಹುಡುಗನನ್ನು ಇನ್ನಷ್ಟು ಪ್ರಶ್ನೆ ಕೇಳಲಿಲ್ಲ. ಅವನ ಮಾತನ್ನು ವರದಿಗಳ ಪಟ್ಟಿಯಲ್ಲಿ ಉಳಿದವುಗಳಷ್ಟೇ ಗೌರವದಿಂದ ಬರೆದೆ.

ವಿವರಿಸುವುದು: ಮೂರನೆಯ ಕಾರಣ

ಈ ಹಂತದಲ್ಲಿ ವಿಜ್ಞಾನದ ಒಂದು ಪರಿಕಲ್ಪನೆಯನ್ನು ತಂದೆ. ಯಾವ ತಿಂಗಳಲ್ಲಿ ಕೊಡೆಗಳ ಮಾರಾಟ ಹೆಚ್ಚುತ್ತದೆಯೋ ಆ ತಿಂಗಳಲ್ಲಿ ಕೆರೆಯ ನೀರೂ ಏರುತ್ತದೆ. ಕೊಡೆ ಮಾರಿದ್ದರಿಂದ ಕೆರೆ ತುಂಬಿತೇ? ಮಕ್ಕಳು ನಕ್ಕು "ಮಳೆ ಮಿಸ್" ಎಂದರು. ಎರಡಕ್ಕೂ ಹಿಂದಿರುವ ಮೂರನೆಯ ಕಾರಣವನ್ನು ಹುಡುಕದೆ ತೀರ್ಮಾನಿಸಬಾರದು ಎಂಬುದು ಇದರಿಂದ ಸುಲಭವಾಗಿ ತಿಳಿಯಿತು. ಗಾರ್ಮೆಂಟ್ಸ್ ಕೆಲಸ ಮನೆಗೆ ಸಂಬಳ ತರುತ್ತದೆ. ಸಂಬಳದಿಂದ ಟಿವಿ, ಫೋನು ಬರುತ್ತವೆ. ಅದೇ ಕೆಲಸ ಸಂಜೆಯ ಸಮಯವನ್ನು ಕಸಿದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ "ಟಿವಿ ಬಂತು, ಭಜನೆ ನಿಂತಿತು" ಎಂದು ಕಾಣುತ್ತದೆ. ಒಳಗಿರುವುದು ಕೆಲಸದ ವೇಳೆ.

ಬಳಿಕ ಬೇರೆ ದೇಶದ ಎರಡು ಅಂಕಿಗಳನ್ನು ಕೊಟ್ಟೆ.

ಮೊದಲನೆಯದು ಅಮೆರಿಕದ ಬೌಲಿಂಗ್ ಆಟದ್ದು. ಮರದ ನೆಲದ ಮೇಲೆ ಚೆಂಡು ಉರುಳಿಸಿ ದೂರದ ಹತ್ತು ಗೂಟಗಳನ್ನು ಬೀಳಿಸುವ ಆಟ ಅದು. 1980 ಮತ್ತು 1993ರ ನಡುವೆ ಈ ಆಟ ಆಡುವವರ ಸಂಖ್ಯೆ ಶೇ. 10ರಷ್ಟು ಏರಿತು, ಆದರೆ ತಂಡ ಕಟ್ಟಿಕೊಂಡು ಲೀಗ್‌ಗಳಲ್ಲಿ ಆಡುವುದು ಶೇ. 40ರಷ್ಟು ಇಳಿಯಿತು ಎಂದು ರಾಬರ್ಟ್ ಪುಟ್ನಮ್ ತೋರಿಸಿದರು. 2000ದಲ್ಲಿ ಬಂದ ಅವರ 'ಬೌಲಿಂಗ್ ಅಲೋನ್' ಪುಸ್ತಕದ ಹೆಸರು ಹುಟ್ಟಿದ್ದೂ ಇದರಿಂದಲೇ. ಸುಖ ಅದೇ, ಚೆಂಡೂ ಅದೇ. ಬದಲಾದದ್ದು ಯಾರ ಜೊತೆ ಎಂಬುದು.

ಎರಡನೆಯದು ಅದೇ ದೇಶದ ಗ್ಯಾಲಪ್ ಸಮೀಕ್ಷೆಯದು. ಚರ್ಚು ಅಥವಾ ಬೇರೆ ಯಾವುದಾದರೂ ಪ್ರಾರ್ಥನಾ ಮಂದಿರದ ಸದಸ್ಯರೆಂದು ಹೇಳಿಕೊಂಡ ವಯಸ್ಕರು 1937ರಲ್ಲಿ ಶೇ. 73, 1999ರಲ್ಲಿ ಶೇ. 70, 2020ರಲ್ಲಿ ಶೇ. 47. ಇದನ್ನು ನಕ್ಷೆಯಾಗಿ ಎಳೆಯಿರಿ ಎಂದೆ. ಮೊದಲ ಅರುವತ್ತೆರಡು ವರ್ಷಗಳಲ್ಲಿ ಗೆರೆ ಬಹುತೇಕ ಸಮತಟ್ಟಾಗಿದೆ, ಕೊನೆಯ ಇಪ್ಪತ್ತೊಂದು ವರ್ಷಗಳಲ್ಲಿ ಕಡಿದಾಗಿ ಇಳಿದಿದೆ. ಮನೆಮನೆಗೆ ಕಾರು, ಟಿವಿ, ಫ್ರಿಜ್ಜು ಬಂದದ್ದು ಆ ಸಮತಟ್ಟಾದ ಕಾಲದಲ್ಲಿ. ಭೋಗವೊಂದೇ ಕಾರಣವಾಗಿದ್ದರೆ ಇಳಿಕೆ ಆಗಲೇ ಶುರುವಾಗಬೇಕಿತ್ತಲ್ಲವೇ? ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೇ ಕೇಳಿದ. ಪರಿಣಾಮ ತಡವಾಗಿ ಬಂದಿರಬಹುದು ಎಂದು ಇನ್ನೊಬ್ಬಳು ಉತ್ತರಿಸಿದಳು. ಎರಡನ್ನೂ ಹಲಗೆಯ ಮೇಲೆ ಉಳಿಸಿದೆ. ಎರಡೂ ಒಳ್ಳೆಯ ಆಲೋಚನೆಗಳೇ.

ವಿಸ್ತರಿಸುವುದು: ಹಳಬರು ಏನು ಹೇಳಿದ್ದರು?

ಹೇಳಿಕೆಯ ಪರವಾಗಿರುವ ಗಟ್ಟಿ ವಾದವನ್ನೂ ಮಕ್ಕಳಿಗೆ ಕೊಡುವುದು ನ್ಯಾಯ. ಅದಕ್ಕೆ ನಾನು ಆರಿಸಿಕೊಂಡದ್ದು ಇಬ್ನ್ ಖಲ್ದೂನ್. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಈ ವಿದ್ವಾಂಸರು 1377ರಲ್ಲಿ 'ಮುಕದ್ದಿಮಾ' ಬರೆದರು. ಮರುಭೂಮಿಯ ಕಷ್ಟದಲ್ಲಿ ಬೆಳೆದ ಕುಲಗಳಲ್ಲಿ ಒಗ್ಗಟ್ಟು ಗಟ್ಟಿ. ಅವರು ರಾಜ್ಯ ಗೆದ್ದು ನಗರದ ಸುಖಕ್ಕೆ ಒಗ್ಗಿಕೊಂಡಂತೆ ಒಗ್ಗಟ್ಟು ಕರಗುತ್ತದೆ. ಸುಮಾರು ಮೂರು ತಲೆಮಾರಿನಲ್ಲಿ, ಅಂದರೆ ತಲೆಮಾರಿಗೆ ನಲವತ್ತರಂತೆ 120 ವರ್ಷಗಳಲ್ಲಿ, ವಂಶ ಕುಸಿಯುತ್ತದೆ ಎಂಬುದು ಅವರ ಸಿದ್ಧಾಂತ. ಇಲ್ಲಿ ಗಮನಿಸಬೇಕಾದದ್ದು ಕುಸಿತದ ಬಗೆ. ಸುಖದಲ್ಲಿರುವವರು ತಮ್ಮವರ ಬದಲು ಕೂಲಿಗೆ ತಂದ ಸೈನಿಕರನ್ನು ನೆಚ್ಚತೊಡಗುತ್ತಾರೆ. ಅಂದರೆ ಬಂಧ ಸಡಿಲವಾಗುವುದು ರುಚಿಯಾಗಿ ಉಂಡದ್ದಕ್ಕಲ್ಲ, ಒಬ್ಬರಿಗೊಬ್ಬರು ಬೇಕಾಗುವುದು ತಪ್ಪಿದ್ದಕ್ಕೆ. ಮೊದಲು ಮದುವೆ ಮನೆಗೆ ಬೀದಿಯವರೆಲ್ಲ ಬಂದು ತರಕಾರಿ ಹೆಚ್ಚುತ್ತಿದ್ದರು, ಈಗ ಕಾಂಟ್ರಾಕ್ಟ್ ಅಡುಗೆಯವರು ಬರುತ್ತಾರೆ ಎಂದು ಮಕ್ಕಳೇ ಹೋಲಿಕೆ ಕೊಟ್ಟರು.

ಇನ್ನೊಂದು ಬದಿಗೆ ಗ್ರೀಸಿನ ಎಪಿಕ್ಯೂರಸ್. ಕ್ರಿ.ಪೂ. 341ರಿಂದ 270ರವರೆಗೆ ಬದುಕಿದ್ದ ಈತ ಸುಖವೇ ಬದುಕಿನ ಗುರಿ ಎಂದ. ಆದರೆ ಆತನ ಪ್ರಕಾರ ಸುಖವೆಂದರೆ ನೋವಿಲ್ಲದ ದೇಹ, ಕಳವಳವಿಲ್ಲದ ಮನಸ್ಸು. ಊಟ ಸರಳ. ಎಲ್ಲ ಸುಖಗಳಲ್ಲಿ ಹಿರಿದಾದುದು ಸ್ನೇಹ. ಅಥೆನ್ಸಿನ ಆತನ ತೋಟದ ಶಾಲೆಗೆ ಹೆಂಗಸರೂ ಗುಲಾಮರೂ ಸೇರಬಹುದಾಗಿತ್ತು. ದೇವರುಗಳಿದ್ದಾರೆ, ಆದರೆ ಮನುಷ್ಯರ ವ್ಯವಹಾರದಲ್ಲಿ ಕೈಹಾಕುವುದಿಲ್ಲ ಎಂದು ಆತ ಹೇಳಿದ. ಇಲ್ಲಿ ಸುಖದ ತತ್ತ್ವ ರೂಢಿಯ ನಂಬಿಕೆಯನ್ನು ಸಡಿಲಿಸಿತು, ಬಾಂಧವ್ಯವನ್ನು ಮಾತ್ರ ಬಿಗಿ ಮಾಡಿತು. ಭಕ್ತಿ ಮತ್ತು ಬಾಂಧವ್ಯ ಒಟ್ಟಿಗೇ ಇಳಿಯಬೇಕೆಂದಿಲ್ಲ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ.

ನಮ್ಮ ಪರಂಪರೆಯ ಚಾರ್ವಾಕರನ್ನೂ ಪ್ರಸ್ತಾಪಿಸಿದೆ. ಸಾಲ ಮಾಡಿಯಾದರೂ ಸುಖಪಡು ಎಂದವರೆಂದು ಅವರು ಹೆಸರಾಗಿದ್ದಾರೆ. ಆದರೆ ಅವರ ಬಗ್ಗೆ ನಮಗೆ ತಿಳಿದಿರುವ ಬಹುಪಾಲು ಸಂಗತಿ ಅವರನ್ನು ಖಂಡಿಸಿದವರ ಬರಹಗಳಿಂದ ಬಂದಿದೆ. ವಿಜಯನಗರ ಕಾಲದ ಮಾಧವಾಚಾರ್ಯರ 'ಸರ್ವದರ್ಶನಸಂಗ್ರಹ' ಅವುಗಳಲ್ಲಿ ಪ್ರಸಿದ್ಧ. ಎದುರಾಳಿ ಬರೆದ ವರದಿಯನ್ನು ಹೇಗೆ ಓದಬೇಕು ಎಂಬುದೂ ಒಂದು ಪಾಠವೇ. "ಈಗಿನ ಹುಡುಗರು" ಎಂದು ಹಿರಿಯರು ಹೇಳುವುದೂ "ಹಳೇ ಕಾಲದವರು" ಎಂದು ಹುಡುಗರು ಹೇಳುವುದೂ ಅಂಥ ವರದಿಗಳೇ. ಇನ್ನು ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳಲ್ಲಿ ಕಾಮಕ್ಕೂ ಸ್ಥಾನ ಕೊಟ್ಟಿರುವುದನ್ನು ನೆನಪಿಸಿದೆ. ಅಲ್ಲಿ ಸುಖವನ್ನು ಅಳಿಸಿಲ್ಲ, ಅದಕ್ಕೊಂದು ಮೇರೆ ಹಾಕಿದ್ದಾರೆ.

ಕೊನೆಗೆ ಭಾರತದ ಒಂದು ಅಂಕಿ. ಪ್ಯೂ ಸಂಶೋಧನಾ ಕೇಂದ್ರವು 2019ರ ಕೊನೆಯಿಂದ 2020ರ ಆರಂಭದವರೆಗೆ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ ಶೇ. 97 ಭಾರತೀಯರು ದೇವರನ್ನು ನಂಬುತ್ತಾರೆ. ಫೋನು, ಮಾಲು, ಬೈಕು ಇವೆಲ್ಲ ಬಂದ ಮೇಲಿನ ಮಾತಿದು. ಅದೇ ವರದಿಯಲ್ಲಿ, ಧರ್ಮ ತಮ್ಮ ಬದುಕಿನಲ್ಲಿ ಬಹಳ ಮುಖ್ಯ ಎಂದವರು ಮಧ್ಯ ಭಾರತದಲ್ಲಿ ಶೇ. 92, ದಕ್ಷಿಣದಲ್ಲಿ ಶೇ. 69. ದಕ್ಷಿಣದ ರಾಜ್ಯಗಳು ಹೆಚ್ಚು ಆದಾಯದವು ಎಂಬುದು ನಿಜ. ಆದರೆ ಶಿಕ್ಷಣ, ನಗರೀಕರಣ, ಸಮಾಜ ಸುಧಾರಣಾ ಚಳವಳಿಗಳ ಇತಿಹಾಸ ಎಲ್ಲವೂ ಬೇರೆಯೇ. ಕೊಡೆ ಮತ್ತು ಕೆರೆಯ ಪಾಠವನ್ನು ಇಲ್ಲಿ ಮತ್ತೆ ಅನ್ವಯಿಸಲು ಗುಂಪುಗಳಿಗೆ ಕೊಟ್ಟೆ. ಹೇಳಿಕೆಗೆ ಸ್ವಲ್ಪ ಬಲ ಸಿಗುತ್ತದೆ, ಸಾಬೀತಾಗುವುದಿಲ್ಲ ಎಂಬ ಉತ್ತರ ಎರಡು ಗುಂಪುಗಳಿಂದ ಬಂತು. ಆ ಉತ್ತರ ನನಗೆ ತೃಪ್ತಿ ಕೊಟ್ಟಿತು.

ಮೌಲ್ಯಮಾಪನ

ಬಾಯಿಪಾಠದ ಪ್ರಶ್ನೆಗಳನ್ನು ಕೇಳಲಿಲ್ಲ. ಹಲಗೆಯ ಮೇಲಿನ ಮೊದಲ ಹೇಳಿಕೆಯನ್ನು ನಿಮ್ಮ ಪುರಾವೆಗೆ ತಕ್ಕಂತೆ ತಿದ್ದಿ ಬರೆಯಿರಿ ಎಂದೆ. ಉತ್ತರಗಳನ್ನು ಮೂರು ಅಂಶಗಳಲ್ಲಿ ನೋಡಿದೆ: ಪದಗಳು ಸ್ಪಷ್ಟವಾಗಿವೆಯೇ, ಬೇರೊಂದು ಕಾರಣವನ್ನು ಯೋಚಿಸಿದ್ದಾರೆಯೇ, ತೀರ್ಮಾನ ಪುರಾವೆಯನ್ನು ಮೀರಿ ಹೋಗಿದೆಯೇ. ಯಾವ ಪಕ್ಷ ಹಿಡಿದರು ಎಂಬುದಕ್ಕೆ ಅಂಕವಿರಲಿಲ್ಲ. ಹೇಳಿಕೆಯನ್ನು ಪೂರ್ತಿ ಒಪ್ಪಿಯೂ ಚೆನ್ನಾಗಿ ಬರೆದವರಿದ್ದರು. ಗಾರ್ಮೆಂಟ್ಸ್ ತಾಯಿಯ ಮಗಳು ಬರೆದದ್ದು ಇಷ್ಟೇ: "ಒಟ್ಟಿಗೆ ಇರಲು ಸಮಯ ಇಲ್ಲದಿದ್ದರೆ ಬಾಂಧವ್ಯ ಕಡಿಮೆಯಾಗುತ್ತದೆ. ಸಮಯ ಏಕೆ ಇಲ್ಲ ಎಂದು ಮೊದಲು ಕೇಳಬೇಕು."

ತರಗತಿಯ ಎಣಿಕೆಗಳನ್ನು ಇಲ್ಲಿ ಕೊಟ್ಟಿಲ್ಲ. ಒಂದು ತರಗತಿಯ ಮಕ್ಕಳಿಂದ ಒಂದು ಊರಿನ ಬಗ್ಗೆಯೂ ತೀರ್ಮಾನಿಸಲಾಗದು ಎಂದು ಅವರಿಗೇ ಕಲಿಸಿದ ಮೇಲೆ ನಾನು ಹಾಗೆ ಮಾಡುವುದು ಸರಿಯಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಹಿರಿಯರನ್ನು ಕೇಳಿಬರುವ ಚಟುವಟಿಕೆಯಲ್ಲಿ "ನೀವು ಗುಡಿಗೆ ಹೋಗುತ್ತೀರಾ?" ಎಂಬಂಥ ಪ್ರಶ್ನೆ ಬೇಡ. ಮನೆಯ ನಂಬಿಕೆ ತರಗತಿಯ ವಿಚಾರಣೆಗೆ ಬರಬಾರದು. ಹಳೆಯ ಸಂತೋಷಗಳ ಬಗ್ಗೆ ಕೇಳಿದರೆ ಎಲ್ಲ ಮನೆಯವರೂ ಮುಕ್ತವಾಗಿ ಹೇಳುತ್ತಾರೆ.
2. ಜಾತಿಯ ಅನುಭವವನ್ನು ಮಗು ತಾನಾಗಿ ಹೇಳಿದರೆ ಗೌರವದಿಂದ ದಾಖಲಿಸಿ. ಹೇಳಲು ಯಾರನ್ನೂ ಒತ್ತಾಯಿಸಬೇಡಿ, ಹೇಳಿದವರನ್ನು ಉದಾಹರಣೆಯಾಗಿ ನಿಲ್ಲಿಸಬೇಡಿ.
3. ಎರಡೂ ಬದಿಯ ಗಟ್ಟಿ ವಾದವನ್ನು ಸಿದ್ಧ ಮಾಡಿಕೊಂಡು ಹೋಗಿ. ಒಂದು ಬದಿ ಮಾತ್ರ ಬಲವಾಗಿದ್ದರೆ ಚರ್ಚೆ ಉಪದೇಶವಾಗುತ್ತದೆ.
4. ಎರಡು ಅವಧಿಗಳ ನಡುವೆ ಕನಿಷ್ಠ ಎರಡು ದಿನ ಬಿಡಿ. ಮನೆಯಿಂದ ಬರುವ ಮಾತುಗಳೇ ಈ ಪಾಠದ ಮುಖ್ಯ ಸಾಮಗ್ರಿ.

ಉಪಸಂಹಾರ

ಈ ಅಧ್ಯಯನದಿಂದ ನಾನು ತಲುಪಿದ ನಿಲುವು ಇದು. ಸುಖದ ಬಯಕೆ ತಾನಾಗಿಯೇ ನಂಬಿಕೆಯನ್ನಾಗಲಿ ಬಾಂಧವ್ಯವನ್ನಾಗಲಿ ಕೆಡಿಸುತ್ತದೆ ಎನ್ನಲು ಪುರಾವೆ ಸಾಲದು. ಹಂಚಿಕೊಂಡ ಸುಖ ಇವೆರಡನ್ನೂ ಬೆಳೆಸಿರುವುದಕ್ಕೆ ನಮ್ಮ ಜಾತ್ರೆ ನಾಟಕಗಳೇ ಸಾಕ್ಷಿ. ಬಾಂಧವ್ಯ ಸಡಿಲವಾಗುವುದು ಸುಖ ಒಂಟಿಯಾದಾಗ, ಹಣ ಕೊಟ್ಟರೆ ಎಲ್ಲವೂ ಸಿಗುವುದರಿಂದ ನೆರೆಯವರು ಬೇಡವಾದಾಗ, ದುಡಿಮೆ ಸಂಜೆಗಳನ್ನು ನುಂಗಿದಾಗ. ನಂಬಿಕೆ ಏರಿಳಿಯುವುದಕ್ಕೆ ಅದರದೇ ಬೇರೆ ಕಾರಣಗಳಿವೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ "ಮಜಾ" ಎಂಬ ಚೀಟಿ ಅಂಟಿಸಿದರೆ ನಿಜವಾದ ಕಾರಣ ತಪ್ಪಿಸಿಕೊಳ್ಳುತ್ತದೆ.

ಶಿಕ್ಷಕರಾಗುವವರಿಗೆ ಇದು ವಾದದಲ್ಲಿ ಗೆಲ್ಲುವ ವಿಷಯವಲ್ಲ. ನಾವು ತರಗತಿಯಲ್ಲಿ ಹೇಳುವ ಸಾಮಾನ್ಯ ಹೇಳಿಕೆಯ ಇನ್ನೊಂದು ತುದಿಯಲ್ಲಿ ಯಾವುದೋ ಮಗುವಿನ ತಾಯಿ ಇರುತ್ತಾಳೆ. ಆ ಮಗು ಎದ್ದು ನಿಂತು ಮಾತಾಡುವ ಧೈರ್ಯ ಎಲ್ಲ ದಿನವೂ ಬರುವುದಿಲ್ಲ. ಆದ್ದರಿಂದ ಮೌಲ್ಯ ಶಿಕ್ಷಣದ ಅವಧಿಯಲ್ಲಿ ತೀರ್ಪಿಗಿಂತ ಮೊದಲು ಪ್ರಶ್ನೆ ಬರಲಿ, ಪ್ರಶ್ನೆಯ ಜೊತೆಗೆ ಮನೆಯಿಂದ ತಂದ ಪುರಾವೆ ಬರಲಿ.